ಮನೆ ಕೊಳ್ಳುವವರಿಗೆ ಹಕ್ಕಿನ ವಿಮೆ ನಮ್ಮಲ್ಲಿ ಸಿಗುತ್ತದೆಯೇ? ಶಿವಮೊಗ್ಗದಿಂದ ಒಂದು ಪ್ರಶ್ನೆ

ಪ್ರಶ್ನೆ: ಗೋಪಾಳದ ಶಿಕ್ಷಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನಮ್ಮ ಯಜಮಾನರು ಇಬ್ಬರೂ ಶಾಲಾ ಶಿಕ್ಷಕರು. ಇಪ್ಪತ್ತೊಂದು ವರ್ಷ ಬಾಡಿಗೆ ಮನೆಗಳಲ್ಲಿದ್ದು, ಈಗ ಊರಿನ ಹೊರವಲಯದ ಬಡಾವಣೆಯೊಂದರಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿರುವ ಮನೆಯೊಂದನ್ನು ಕೊಳ್ಳಲು ಒಪ್ಪಿದ್ದೇವೆ. ಬೆಲೆ 48 ಲಕ್ಷ ರೂಪಾಯಿ. ಅದರಲ್ಲಿ 35 ಲಕ್ಷ ಬ್ಯಾಂಕಿನ ಸಾಲ. ಉಳಿದದ್ದು ನಮ್ಮ ಭವಿಷ್ಯನಿಧಿಯಿಂದ ತೆಗೆದದ್ದು ಮತ್ತು ಅತ್ತೆಯವರು ಊರಿನ ಅಡಿಕೆ ಮಾರಿ ಕೊಟ್ಟದ್ದು. ಎರಡು ಲಕ್ಷ ಮುಂಗಡ ಕೊಟ್ಟು ಕರಾರು ಬರೆಸಿಕೊಂಡಿದ್ದೇವೆ. ಕ್ರಯಪತ್ರದ ನೋಂದಣಿಗೆ ಇನ್ನು ಎರಡು ತಿಂಗಳ ಗಡುವಿದೆ.

ಮಾರುತ್ತಿರುವವರು ಈ ಮನೆಯನ್ನು 2009ರಲ್ಲಿ ಕೊಂಡವರು. ಅವರಿಗೆ ಮಾರಿದವರು 1998ರಲ್ಲಿ ಬಡಾವಣೆ ಮಾಡಿದವರಿಂದ ನಿವೇಶನ ಪಡೆದಿದ್ದರು. ಅದಕ್ಕೂ ಹಿಂದೆ ಅಲ್ಲಿ ಗದ್ದೆಯಿತ್ತೆಂದು ಅಕ್ಕಪಕ್ಕದವರು ಹೇಳುತ್ತಾರೆ. ಮಳೆಗಾಲದಲ್ಲಿ ಹಿತ್ತಲ ಗೋಡೆಯ ಬುಡದಲ್ಲಿ ಈಗಲೂ ನೀರು ಒಸರುತ್ತದೆ. ನಮ್ಮ ಕೈಗೆ ಬಂದಿರುವ ಕಾಗದಗಳೆಂದರೆ 2009ರ ಕ್ರಯಪತ್ರದ ನಕಲು, ಖಾತಾ, ಕಂದಾಯ ಕಟ್ಟಿದ ರಸೀದಿಗಳು ಮತ್ತು 2004ರಿಂದ ಈಚೆಗಿನ ಋಣಭಾರ ಪತ್ರ. ಋಣಭಾರ ಪತ್ರದಲ್ಲಿ 2009ರ ಕ್ರಯವನ್ನು ಬಿಟ್ಟರೆ ಬೇರೇನೂ ಇಲ್ಲ.

ಅಮೆರಿಕದಲ್ಲಿರುವ ನನ್ನ ತಮ್ಮ ಫೋನಿನಲ್ಲಿ, “ಅಕ್ಕಾ, ಟೈಟಲ್ ಇನ್ಶೂರೆನ್ಸ್ ಮಾಡಿಸದೆ ಮನೆ ತಗೋಬೇಡ, ಇಲ್ಲಿ ಅದಿಲ್ಲದೆ ಯಾರೂ ಮನೆ ಕೊಳ್ಳುವುದಿಲ್ಲ” ಎಂದು ಹೇಳಿದ. ಬ್ಯಾಂಕಿನಲ್ಲಿ ವಿಚಾರಿಸಿದಾಗ, ಸಾಲದ ಜೊತೆಗೇ ವಿಮೆ ಬರುತ್ತದೆ, ಅದರ ಕಂತನ್ನು ಸಾಲದ ಮೊತ್ತಕ್ಕೇ ಸೇರಿಸಿದ್ದೇವೆ ಎಂಬ ಉತ್ತರ ಸಿಕ್ಕಿತು. ಆ ವಿಮೆ ತಮ್ಮ ಹೇಳಿದ ವಿಮೆಯೇ ಆಗಿದೆಯೇ? ಆಗಿಲ್ಲವಾದರೆ, ನಾಳೆ ಯಾರಾದರೂ ಬಂದು ಈ ನೆಲದಲ್ಲಿ ತಮಗೂ ಹಕ್ಕಿದೆ ಎಂದರೆ ನಮ್ಮ ಹಣವನ್ನು ಕಾಯುವ ವಿಮೆ ನಮ್ಮಂಥ ಸಾಧಾರಣ ಖರೀದಿದಾರರಿಗೆ ದೊರೆಯುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಸಾಗರದ ವಕೀಲ

ಮೇಡಂ, ನಮಸ್ಕಾರ. ಸಾಗರ ಮತ್ತು ಶಿವಮೊಗ್ಗದ ನ್ಯಾಯಾಲಯಗಳಲ್ಲಿ ಇಪ್ಪತ್ತಾರು ವರ್ಷಗಳಿಂದ ಸಿವಿಲ್ ದಾವೆಗಳನ್ನು ನಡೆಸುತ್ತಿದ್ದೇನೆ. ಅವುಗಳಲ್ಲಿ ಬಹುಪಾಲು ಜಮೀನು ಮತ್ತು ಮನೆಗಳಿಗೆ ಸಂಬಂಧಿಸಿದವೇ ಆಗಿರುವುದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ಮೊದಲು ಬ್ಯಾಂಕಿನ ವಿಮೆಯ ವಿಷಯ. ಗೃಹಸಾಲದ ಜೊತೆ ಸಾಮಾನ್ಯವಾಗಿ ಎರಡು ಬಗೆಯ ವಿಮೆ ಮಾಡಿಸುತ್ತಾರೆ. ಸಾಲಗಾರರು ತೀರಿಕೊಂಡರೆ ಬಾಕಿ ಸಾಲವನ್ನು ತೀರಿಸುವ ಜೀವವಿಮೆ ಒಂದು. ಬೆಂಕಿ, ನೆರೆ, ಭೂಕಂಪಗಳಿಂದ ಕಟ್ಟಡಕ್ಕೆ ಆಗುವ ಹಾನಿಯನ್ನು ತುಂಬಿಕೊಡುವ ವಿಮೆ ಇನ್ನೊಂದು. ಮನೆಯ ಗೋಡೆ ಬಿದ್ದರೆ ಎರಡನೆಯದು ನೆರವಿಗೆ ಬರುತ್ತದೆ, ಆದರೆ ಆ ಗೋಡೆ ನಿಂತಿರುವ ನೆಲವೇ ನಿಮ್ಮದಲ್ಲವೆಂದು ನ್ಯಾಯಾಲಯ ತೀರ್ಪು ಕೊಟ್ಟರೆ ಇವೆರಡರಲ್ಲಿ ಯಾವುದೂ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಅಷ್ಟೇ ಅಲ್ಲ, ಮನೆ ಕೈತಪ್ಪಿದರೂ ಸಾಲದ ಕಂತು ನಿಲ್ಲುವುದಿಲ್ಲ. ಬ್ಯಾಂಕಿನ ವಕೀಲರು ಕಾಗದ ನೋಡಿ ಸರಿಯಿದೆ ಎಂದು ವರದಿ ಕೊಟ್ಟಿದ್ದಾರೆಂಬ ಧೈರ್ಯದಲ್ಲಿ ಅನೇಕರು ಮುಂದುವರಿಯುತ್ತಾರೆ. ಆದರೆ ಆ ವರದಿಯನ್ನು ಬರೆದಿರುವುದು ಬ್ಯಾಂಕಿಗೆ ಹೊರತು ನಿಮಗಲ್ಲ. ಅದರಲ್ಲಿ ತಪ್ಪಿದ್ದರೆ ಅದನ್ನು ಹಿಡಿದುಕೊಂಡು ನೀವು ಬ್ಯಾಂಕನ್ನು ಕೇಳುವುದು ಬಹಳ ಕಷ್ಟ.

ನಿಮ್ಮ ತಮ್ಮ ಹೇಳಿದ ಟೈಟಲ್ ಇನ್ಶೂರೆನ್ಸ್ ಬೇರೆಯದೇ ವಿಮೆ, ಆಸ್ತಿಯ ಹಕ್ಕಿನ ವಿಮೆ. ಕೊಂಡ ದಿನಕ್ಕಿಂತ ಹಿಂದೆಯೇ ಆಸ್ತಿಯ ಹಕ್ಕಿನಲ್ಲಿ ಅಡಗಿದ್ದ ದೋಷವೊಂದು ಆಮೇಲೆ ಹೊರಬಂದರೆ, ದಾವೆ ನಡೆಸುವ ಖರ್ಚನ್ನೂ ಸೋತರೆ ಆಗುವ ನಷ್ಟವನ್ನೂ ವಿಮಾ ಕಂಪನಿ ಭರಿಸುತ್ತದೆ. ಜೀವವಿಮೆ ಮತ್ತು ವಾಹನ ವಿಮೆಗಳು ಮುಂದೆ ಆಗಬಹುದಾದದ್ದಕ್ಕೆ ರಕ್ಷಣೆ ಕೊಟ್ಟರೆ, ಇದು ಹಿಂದೆ ಆಗಿಹೋಗಿ ಇನ್ನೂ ಕಣ್ಣಿಗೆ ಬೀಳದಿರುವುದಕ್ಕೆ ರಕ್ಷಣೆ ಕೊಡುತ್ತದೆ. ಇದು ಹುಟ್ಟಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಲ್ಲಿ ಒಬ್ಬ ಖರೀದಿದಾರ ಆಸ್ತಿಪತ್ರಗಳನ್ನು ನೋಡಿಕೊಡುವವನ ಮಾತನ್ನು ನಂಬಿ ಆಸ್ತಿ ಕೊಂಡು, ಹಳೆಯ ಋಣಭಾರವೊಂದರಿಂದ ನಷ್ಟಪಟ್ಟ. ಪತ್ರ ನೋಡಿಕೊಟ್ಟವನು ವಕೀಲರ ಅಭಿಪ್ರಾಯ ಪಡೆದೇ ನಡೆದುಕೊಂಡದ್ದರಿಂದ ಅವನಲ್ಲಿ ಅಲಕ್ಷ್ಯವಿರಲಿಲ್ಲ, ಹಾಗಾಗಿ ಅವನು ನಷ್ಟ ಕಟ್ಟಿಕೊಡಬೇಕಾಗಿಲ್ಲವೆಂದು 1868ರಲ್ಲಿ ಪೆನ್ಸಿಲ್ವೇನಿಯಾದ ನ್ಯಾಯಾಲಯ ಹೇಳಿತು. ಯಾರ ತಪ್ಪೂ ಇಲ್ಲದಿದ್ದರೂ ಕೊಂಡವನ ಹಣ ಮಾತ್ರ ಹೋಯಿತು. ಆ ಕೊರತೆಯನ್ನು ತುಂಬಲೆಂದು 1876ರಲ್ಲಿ ಅದೇ ಊರಿನಲ್ಲಿ ಹಕ್ಕಿನ ವಿಮೆಯ ಕಂಪನಿ ಶುರುವಾಯಿತು.

ನಮ್ಮ ಸ್ಥಿತಿಯೂ ಮೂಲದಲ್ಲಿ ಅದೇ. 1908ರ ನೋಂದಣಿ ಕಾಯ್ದೆಯ ಪ್ರಕಾರ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು, ಒಡೆತನವನ್ನಲ್ಲ. ಮಾರುವವನಿಗೆ ನಿಜವಾಗಿ ಹಕ್ಕಿದೆಯೇ ಎಂದು ವಿಚಾರಣೆ ಮಾಡಿ ತೀರ್ಮಾನಿಸುವುದು ಅವರ ಕೆಲಸವಲ್ಲ. ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ಅದನ್ನು ನಿಜವೆಂದು ಭಾವಿಸಬೇಕೆಂದು 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುತ್ತದೆ, ಅಷ್ಟೇ. ಪಹಣಿ, ಮ್ಯುಟೇಶನ್ ಮತ್ತು ಖಾತಾಗಳು ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬುದಕ್ಕೆ ಇರುವ ದಾಖಲೆಗಳೇ ಹೊರತು ಹಕ್ಕನ್ನು ಹುಟ್ಟಿಸುವ ದಾಖಲೆಗಳಲ್ಲವೆಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಆದ್ದರಿಂದ ಹಕ್ಕಿನ ವಿಮೆಯ ಅಗತ್ಯ ನಮ್ಮಲ್ಲಿ ಅಮೆರಿಕಕ್ಕಿಂತ ಕಡಿಮೆಯಿಲ್ಲ, ಹೆಚ್ಚೇ ಇದೆ.

ಅಗತ್ಯವಿದ್ದರೂ ವಿಮೆ ಬೇರೂರಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 16ನೇ ಕಲಂ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಕಟ್ಟುವವರು ಭೂಮಿಯ ಹಕ್ಕಿಗೆ ವಿಮೆ ಮಾಡಿಸುವ ವಿಚಾರವನ್ನು ಹೇಳುತ್ತದೆ, ಆದರೆ ಸರ್ಕಾರ ಅಧಿಸೂಚಿಸಿದಂತೆ ಎಂಬ ಮಾತು ಅದರಲ್ಲಿದೆ. ಸಾಮಾನ್ಯ ವಿಮಾ ಕಂಪನಿಗಳ ಬಳಿ ಇರುವ ಇಂಥ ಪಾಲಿಸಿಗಳು ಮುಖ್ಯವಾಗಿ ದೊಡ್ಡ ಯೋಜನೆಗಳ ನಿರ್ಮಾಪಕರನ್ನು ಉದ್ದೇಶಿಸಿದವು. ಶಿವಮೊಗ್ಗದ ಮೂವತ್ತು-ನಲವತ್ತರ ಹಳೆಯ ಮನೆಯೊಂದನ್ನು ಖಾಸಗಿಯವರಿಂದ ಕೊಳ್ಳುವವರು ವಾಹನ ವಿಮೆಯಂತೆ ಕೇಳಿದ ಕೂಡಲೇ ಪಡೆಯಬಹುದಾದ ಪಾಲಿಸಿಯಾಗಿ ಅದು ಇನ್ನೂ ನೆಲೆಯೂರಿಲ್ಲ. ಹೊಸ ಯೋಜನೆಯಲ್ಲಿ ಕೊಳ್ಳುವವರಿಗೆ ರೇರಾದ 18ನೇ ಕಲಮಿನ ಎರಡನೇ ಉಪಕಲಂ ನಿಜಕ್ಕೂ ಬಲವಾದದ್ದು. ಭೂಮಿಯ ಹಕ್ಕಿನ ದೋಷದಿಂದ ನಷ್ಟವಾದರೆ ನಿರ್ಮಾಪಕ ಪರಿಹಾರ ಕೊಡಬೇಕು, ಅದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಆದರೆ ನಿಮ್ಮದು 1998ರ ನಿವೇಶನ, ಮೂರನೆಯ ಕೈಗೆ ಬರುತ್ತಿರುವ ಮನೆ. ರೇರಾ ನಿಮಗೆ ಒದಗುವುದಿಲ್ಲ.

ನಿಮಗೆ ಒದಗುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ. ಪತ್ರದಲ್ಲಿ ಬರೆಯದಿದ್ದರೂ, ತನಗೆ ಹಕ್ಕಿದೆ ಮತ್ತು ಮಾರುವ ಅಧಿಕಾರವಿದೆ ಎಂದು ಮಾರಾಟಗಾರ ಭರವಸೆ ಕೊಟ್ಟಂತೆಯೇ ಆಗುತ್ತದೆ. ಆದರೆ ಆ ಭರವಸೆಯ ಬೆಲೆ ಮಾರಾಟಗಾರನ ಕೈಯಲ್ಲಿ ಆಗ ಏನು ಉಳಿದಿದೆ ಎಂಬುದರಷ್ಟೇ.

ಇನ್ನೊಂದು ವಿಚಾರವನ್ನು ಒತ್ತಿ ಹೇಳಬೇಕು. ಹಕ್ಕಿನ ವಿಮೆ ಎಲ್ಲೇ ಸಿಕ್ಕರೂ, ಖರೀದಿದಾರನಿಗೆ ಮೊದಲೇ ಗೊತ್ತಿದ್ದ ದೋಷವನ್ನು ಅದು ಒಳಗೊಳ್ಳುವುದಿಲ್ಲ. ವಿಮೆ ಕೊಡುವ ಮೊದಲು ಕಂಪನಿ ಕಾಗದಗಳನ್ನು ಶೋಧಿಸುತ್ತದೆ, ಕಂಡ ದೋಷಗಳನ್ನು ಪಟ್ಟಿ ಮಾಡಿ ಹೊರಗಿಡುತ್ತದೆ, ಕಾಣದೆ ಉಳಿದದ್ದರ ಹೊಣೆಯನ್ನು ಮಾತ್ರ ಹೊರುತ್ತದೆ. ನಮ್ಮ ಮಲೆನಾಡಿನಲ್ಲಿ ಮನೆ ಕೈತಪ್ಪಿಸುವ ದೋಷಗಳಲ್ಲಿ ಹೆಚ್ಚಿನವು ಹುಡುಕಿದರೆ ಕಾಣುವಂಥವು. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ಇದು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದ ಜಮೀನು ಇಲ್ಲಿ ಅಪಾರ. ಊರಿನ ಹೊರವಲಯದ ಗದ್ದೆಯೆಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಅದೇ. ಅಂಥ ಜಮೀನನ್ನು ನ್ಯಾಯಮಂಡಳಿಯ ಅಂತಿಮ ಆದೇಶದ ದಿನದಿಂದ 15 ವರ್ಷ ಮಾರುವಂತಿಲ್ಲವೆಂದು ಭೂಸುಧಾರಣಾ ಕಾಯ್ದೆಯ 61ನೇ ಕಲಂ ಹೇಳುತ್ತದೆ. ಮೀರಿ ಮಾರಿದ್ದರೆ ಆ ಮಾರಾಟ ಅಸಿಂಧು, ಭೂಮಿ ಸರ್ಕಾರದ ವಶಕ್ಕೆ ಹೋಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಕೊಂಡವರು ಎಷ್ಟು ಕೈ ದಾಟಿ ಕೊಂಡಿದ್ದರೂ ಭೂಮಿಯನ್ನು ಮಂಜೂರುದಾರರ ಮನೆಯವರಿಗೆ ಮರಳಿಸಬೇಕಾಗುತ್ತದೆ, ಮತ್ತು ಅವರು ಅರ್ಜಿ ಹಾಕಲು ಕಾಲಮಿತಿಯಿಲ್ಲವೆಂದು 2023ರ ತಿದ್ದುಪಡಿ ಹೇಳುತ್ತದೆ. ಬಡವರ ಕೈಯಿಂದ ಭೂಮಿ ಚಿಲ್ಲರೆ ಹಣಕ್ಕೆ ಜಾರಿಹೋಗದಿರಲೆಂದು ಮಾಡಿದ ಕಾಯ್ದೆಗಳಿವು, ಅವುಗಳ ಉದ್ದೇಶವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಅರಿಯದೆ ಕೊಂಡವರ ಗತಿ ಮಾತ್ರ ಕಷ್ಟ.

ಆದ್ದರಿಂದ 2004ರಿಂದ ಈಚಿನ ಋಣಭಾರ ಪತ್ರ ಸಾಲದು. ಗಣಕೀಕರಣವಾದ ಕಾಲದಿಂದ ಈಚಿನದನ್ನಷ್ಟೇ ನಿಮಗೆ ಕೊಟ್ಟಿದ್ದಾರೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿಯವರ ಕಚೇರಿಯಲ್ಲಿ ಬೇರೆ ಅರ್ಜಿ ಕೊಡಿ, ಬಡಾವಣೆಯಾಗುವ ಮೊದಲಿದ್ದ ಸರ್ವೆ ನಂಬರಿನ ಮೇಲೆಯೂ ತೆಗೆಸಿ. ಆ ಸರ್ವೆ ನಂಬರಿನ ಹಳೆಯ ಕೈಬರಹದ ಪಹಣಿಗಳನ್ನು 1970ರ ದಶಕದ ಆರಂಭದಿಂದ ತಾಲ್ಲೂಕು ಕಚೇರಿಯಲ್ಲಿ ಪಡೆಯಿರಿ. ಗದ್ದೆಯಾಗಿದ್ದಾಗ ಯಾರ ಹೆಸರಿತ್ತು, ಆ ಹೆಸರು ಯಾವ ಆದೇಶದಿಂದ ಬಂತು ಎಂಬುದು ಅಲ್ಲಿ ತಿಳಿಯುತ್ತದೆ. ಸಿಕ್ಕಿದ್ದನ್ನು ಇಲ್ಲಿ ಬರೆಯಿರಿ, ನೋಡೋಣ.

ಉತ್ತರ: ತೀರ್ಥಹಳ್ಳಿ ತಾಲ್ಲೂಕಿನಿಂದ

ತಂಗಿ, ವಕೀಲರು ಹೇಳಿದ ಮಾತಿಗೆ ನಮ್ಮ ಮನೆಯ ಅನುಭವವನ್ನು ಸೇರಿಸುತ್ತೇನೆ. ನಾವು 2011ರಲ್ಲಿ ಪೇಟೆಯಲ್ಲಿ ಒಂದು ಮನೆ ಕೊಂಡೆವು. ಮಾರಿದವರು ಮೂವರು ಮಕ್ಕಳಲ್ಲಿ ಹಿರಿಯವರು. ತಂದೆ ತೀರಿಕೊಂಡ ಮೇಲೆ ಖಾತಾ ಅವರೊಬ್ಬರ ಹೆಸರಿಗೇ ಆಗಿತ್ತು. ಹೇಗೆ ಆಯಿತೆಂದು ಕೇಳಿದಾಗ ಮನೆಯೊಳಗೇ ಬರೆದುಕೊಂಡಿದ್ದ ಒಂದು ಪಾಲುಪಟ್ಟಿಯನ್ನು ತೋರಿಸಿದರು. ಅದು ನೋಂದಣಿಯಾಗಿರಲಿಲ್ಲ, ಅದರಲ್ಲಿ ಅಣ್ಣ ತಮ್ಮಂದಿರಿಬ್ಬರ ಸಹಿ ಇತ್ತು, ತಂಗಿಯ ಸಹಿ ಇರಲಿಲ್ಲ. ನಮ್ಮ ಪತ್ರ ನೋಡಿಕೊಟ್ಟವರು ಖಾತಾ ಮತ್ತು ಋಣಭಾರ ಪತ್ರ ಎರಡೂ ಸರಿಯಿವೆ ಎಂದರು. ನಾವೂ ಅಲ್ಲಿಗೇ ತೃಪ್ತರಾದೆವು. ಆಕೆ ಮದುವೆಯಾಗಿ ಹೋದವರು, ಅವರಿಗೇನು ಸಂಬಂಧ ಎಂದು ನಾವೇ ಅಂದುಕೊಂಡಿದ್ದೆವು. ಆ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ, ಏಕೆಂದರೆ ನಾನೂ ಒಬ್ಬರ ಮಗಳೇ.

2014ರ ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಸಮಯ. ಮನೆಯವರು ತೋಟದಲ್ಲಿದ್ದರು, ನಾನು ಅಂಗಳದಲ್ಲಿ ಬೇಯಿಸಿದ ಅಡಿಕೆಯನ್ನು ಹರವುತ್ತಿದ್ದೆ. ಆಗ ಕೋರ್ಟಿನ ಅಮೀನರು ಬಂದು ಸಮನ್ಸ್ ಕೊಟ್ಟರು. ಕೈಯೆಲ್ಲ ಅಡಿಕೆ ಚೊಗರಿನಿಂದ ಕೆಂಪಾಗಿದ್ದರಿಂದ ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದೆ. ಆ ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಕೆಂಪು ಗುರುತು ಉಳಿಯಿತು. ಆಕೆ ತನ್ನ ಮೂರನೇ ಒಂದು ಪಾಲನ್ನು ಕೇಳಿ ದಾವೆ ಹಾಕಿದ್ದರು, ನಮ್ಮನ್ನೂ ಪ್ರತಿವಾದಿಗಳನ್ನಾಗಿ ಸೇರಿಸಿದ್ದರು. ಅದೇ ತಿಂಗಳು ತಡೆಯಾಜ್ಞೆಯೂ ಬಂತು. ಮನೆಯನ್ನು ಮಾರುವಂತಿಲ್ಲ, ಕಟ್ಟಡದಲ್ಲಿ ಬದಲಾವಣೆ ಮಾಡುವಂತಿಲ್ಲ ಎಂದಾಯಿತು. ಸಾಲದ ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖಿಗೆ ತಪ್ಪದೆ ಕಟ್ಟುತ್ತಿದ್ದೆವು.

ನಮ್ಮ ಕ್ರಯಪತ್ರದಲ್ಲಿ, ಮುಂದೆ ಯಾರಾದರೂ ತಕರಾರು ತೆಗೆದರೆ ಮಾರಾಟಗಾರರೇ ಸ್ವಂತ ಖರ್ಚಿನಲ್ಲಿ ಬಗೆಹರಿಸಿ ನಷ್ಟ ಕಟ್ಟಿಕೊಡತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ಅದನ್ನು ಹಿಡಿದುಕೊಂಡು ಅವರ ಬಳಿಗೆ ಹೋದೆವು. ಅವರು ನಮ್ಮ ಹಣದಲ್ಲಿ ಮಗಳ ಮದುವೆ ಮಾಡಿ, ಹಳೆಯ ಸಾಲ ತೀರಿಸಿ ಮುಗಿಸಿದ್ದರು. ಕೊಡಲು ಅವರ ಬಳಿ ಏನೂ ಉಳಿದಿರಲಿಲ್ಲ. ಆರು ವರ್ಷಗಳ ನಂತರ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಆಕೆಯ ಪಾಲಿನ ಹಣವನ್ನು ಎರಡು ಕಂತುಗಳಲ್ಲಿ ನಾವೇ ಕೊಟ್ಟೆವು. ಆಕೆಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ, ಅವರು ಕೇಳಿದ್ದು ತಮ್ಮ ತಂದೆಯ ಆಸ್ತಿಯ ಪಾಲನ್ನು. ಕೊಳ್ಳುವ ಮೊದಲು ಅವರ ಮನೆಗೆ ಹೋಗಿ ಒಂದು ಮಾತು ಕೇಳಿದ್ದರೆ, ಬೆಲೆಯಲ್ಲಿ ಅವರ ಪಾಲನ್ನು ಅವರಿಗೇ ಕೊಟ್ಟು ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬಹುದಿತ್ತು. ತಂಗಿ, ನಿಮ್ಮ ನೆಲದ ಹಿಂದಿನ ಮಾಲೀಕರ ವಂಶವೃಕ್ಷವನ್ನು ತೆಗೆಸಿ, ಅದರಲ್ಲಿರುವ ಹೆಣ್ಣುಮಕ್ಕಳ ಹೆಸರುಗಳನ್ನು ಬೆರಳಿಟ್ಟು ಓದಿ.

ಉತ್ತರ: ಹೊಸನಗರದವನು, ಈಗ ಅಯೋವಾದಲ್ಲಿ

ಅಕ್ಕಾ, ನಿಮ್ಮ ತಮ್ಮ ಹೇಳಿದ್ದು ಬಹುಪಾಲು ನಿಜ, ಆದರೆ ಪೂರ್ತಿ ನಿಜವಲ್ಲ. ನಾನು ಮೊದಲು ಒಹಾಯೋ ರಾಜ್ಯದಲ್ಲಿದ್ದಾಗ ಮನೆ ಕೊಂಡೆ. ಅಲ್ಲಿ ಹಕ್ಕಿನ ವಿಮೆಯಲ್ಲಿ ಎರಡು ಪಾಲಿಸಿಗಳಿರುತ್ತವೆ. ಸಾಲ ಕೊಡುವವರದು ಒಂದು, ಅದನ್ನು ಬ್ಯಾಂಕ್ ಕಡ್ಡಾಯವಾಗಿ ಕೇಳುತ್ತದೆ, ಕಂತು ಕಟ್ಟುವವರು ನಾವು, ಆದರೆ ಕಾಯುವುದು ಬ್ಯಾಂಕಿನ ಬಾಕಿ ಸಾಲವನ್ನು ಮಾತ್ರ. ಮನೆಯ ಮಾಲೀಕರದು ಇನ್ನೊಂದು. ಅದು ಕಾನೂನಿನಂತೆ ಕಡ್ಡಾಯವಲ್ಲ, ಬೇಕಿದ್ದವರು ಮಾಡಿಸಿಕೊಳ್ಳುತ್ತಾರೆ. ಮೊದಲನೆಯದನ್ನೇ ತಮ್ಮ ರಕ್ಷಣೆಯೆಂದು ತಿಳಿದು ಎರಡನೆಯದನ್ನು ಬಿಟ್ಟವರನ್ನು ನಾನು ಇಲ್ಲಿಯೂ ನೋಡಿದ್ದೇನೆ. ಎರಡಕ್ಕೂ ಪ್ರತಿ ವರ್ಷ ಕಟ್ಟುವ ಕಂತಿಲ್ಲ, ನೋಂದಣಿಯ ದಿನ ಒಮ್ಮೆ ಕಟ್ಟಿದರೆ ಮುಗಿಯಿತು. ಮಾಲೀಕರ ಪಾಲಿಸಿ ಆ ಮನೆ ನಮ್ಮ ಅಥವಾ ನಮ್ಮ ವಾರಸುದಾರರ ಕೈಯಲ್ಲಿರುವವರೆಗೂ ನಡೆಯುತ್ತದೆ.

ಆದರೆ ಈಗ ನಾನಿರುವ ಅಯೋವಾ ರಾಜ್ಯದಲ್ಲಿ ಖಾಸಗಿ ಕಂಪನಿಗಳು ಹಕ್ಕಿನ ವಿಮೆಯನ್ನು ಮಾರುವಂತೆಯೇ ಇಲ್ಲ. 1947ರಲ್ಲಿಯೇ ಅದನ್ನು ನಿಷೇಧಿಸಿದ್ದಾರೆ. ಅದರ ಬದಲಿಗೆ 1985ರಲ್ಲಿ ರಾಜ್ಯ ಸರ್ಕಾರವೇ ಖಾತರಿ ಕೊಡುವ ವ್ಯವಸ್ಥೆ ಮಾಡಿಕೊಂಡಿತು. ಇಲ್ಲಿ ಪ್ರತಿಯೊಂದು ಆಸ್ತಿಗೂ ಅಬ್‌ಸ್ಟ್ರಾಕ್ಟ್ ಎಂಬ ಕಾಗದಗಳ ಕಟ್ಟು ಇರುತ್ತದೆ. ಆ ನೆಲ ಮೊದಲು ಸರ್ಕಾರದಿಂದ ಯಾರ ಕೈಗೆ ಬಂತು ಎಂಬಲ್ಲಿಂದ ಹಿಡಿದು ಪ್ರತಿಯೊಂದು ಮಾರಾಟ, ಸಾವು, ಅಡಮಾನ, ದಾವೆಗಳ ಸಾರಾಂಶ ಅದರಲ್ಲಿ ಅನುಕ್ರಮವಾಗಿ ಇರುತ್ತದೆ. ನಾನು ಮನೆ ಕೊಂಡಾಗ ಹಿಂದಿನ ಮಾಲೀಕರಾದ ವೃದ್ಧ ದಂಪತಿ ಆ ಕಟ್ಟನ್ನು ಎರಡೂ ಕೈಗಳಲ್ಲಿ ಎತ್ತಿಕೊಟ್ಟರು. ಮೊದಲ ಹಾಳೆಗಳು ಹಳದಿ ಬಣ್ಣಕ್ಕೆ ತಿರುಗಿ ಅಂಚು ಮುರಿಯುತ್ತಿದ್ದವು, ಕೊನೆಯ ಹಾಳೆಯಲ್ಲಿ ನನ್ನ ಹೆಸರಿತ್ತು. ನನಗೆ ನಮ್ಮ ಅಜ್ಜ ನಾಗಂದಿಗೆಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಮೂಲಪತ್ರಗಳ ಗಂಟು ನೆನಪಾಯಿತು. ಹೊಸ ಖರೀದಿಯಾದಾಗಲೆಲ್ಲ ಆ ಕಟ್ಟಿಗೆ ಈಚಿನ ವಿವರ ಸೇರಿಸುತ್ತಾರೆ, ವಕೀಲರೊಬ್ಬರು ಅದನ್ನು ಪೂರ್ತಿ ಓದಿ ಅಭಿಪ್ರಾಯ ಕೊಡುತ್ತಾರೆ, ಅನಂತರವೇ ಸರ್ಕಾರದ ಖಾತರಿ. ಇಲ್ಲಿ ಮೊದಲಿನ ಸ್ಥಾನ ಓದುವ ಕೆಲಸಕ್ಕೆ, ವಿಮೆಯ ಸ್ಥಾನ ಅದರ ನಂತರದ್ದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತೀರ್ಥಹಳ್ಳಿಯ ಅಕ್ಕ ಬರೆದದ್ದನ್ನು ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮರುದಿನವೇ ರಜೆ ಹಾಕಿ ತಾಲ್ಲೂಕು ಕಚೇರಿಗೆ ಹೋದೆವು.

ವಕೀಲರ ಊಹೆ ನಿಜವಾಗಿದೆ. ಅದು ಗೇಣಿ ಜಮೀನೇ. ಹಳೆಯ ಪಹಣಿಯಲ್ಲಿ 1983ನೇ ಸಾಲಿನ ನಂತರ ಗೇಣಿದಾರರ ಕುಟುಂಬದ ಹಿರಿಯ ಮಗನ ಹೆಸರು ಬಂದಿದೆ. ಅವರಿಗೆ ಗೇಣಿದಾರರ ಹಕ್ಕನ್ನು ದೃಢಪಡಿಸುವ ನಮೂನೆ 10ರ ಪ್ರಮಾಣಪತ್ರ ಸಿಕ್ಕಿರುವುದು 1983ರ ಜೂನ್‌ನಲ್ಲಿ. 1995ರ ನವೆಂಬರಿನಲ್ಲಿ ಅವರ ಕುಟುಂಬದ ಹೆಸರಿನಲ್ಲಿಯೇ ಭೂಪರಿವರ್ತನೆ ಆಗಿದೆ. 1996ರ ಫೆಬ್ರವರಿಯಲ್ಲಿ ಅವರು ಬಡಾವಣೆ ಮಾಡಿದವರಿಗೆ ಮಾರಿದ್ದಾರೆ. 1983ರಿಂದ 1996ಕ್ಕೆ ಲೆಕ್ಕ ಹಾಕಿದರೆ 13 ವರ್ಷ ಕೂಡ ತುಂಬಿಲ್ಲ. 15 ವರ್ಷ ಮಾರುವಂತಿಲ್ಲವೆಂದು ತಾವು ಬರೆದದ್ದನ್ನು ಓದಿದಾಗಿನಿಂದ ನಿದ್ದೆ ಬಂದಿಲ್ಲ. ಮಾರಾಟಗಾರರನ್ನು ಕೇಳಿದರೆ, ಬಡಾವಣೆಯಲ್ಲಿ ನಲವತ್ತು ಮನೆಗಳಿವೆ, ಎಲ್ಲರಿಗೂ ಬ್ಯಾಂಕ್ ಸಾಲ ಸಿಕ್ಕಿದೆ, ಇಷ್ಟು ವರ್ಷ ಇಲ್ಲದ ತೊಂದರೆ ಈಗೇಕೆ ಬರುತ್ತದೆ ಎನ್ನುತ್ತಾರೆ. ಮುಂಗಡ ಬಿಟ್ಟುಕೊಟ್ಟು ಹಿಂದೆ ಸರಿಯಬೇಕೇ?

ಉತ್ತರ: ಸಾಗರದ ವಕೀಲ

ಮೇಡಂ, ಮುಂಗಡ ಬಿಡುವ ಮಾತು ಈಗಲೇ ಬೇಡ. ಉಳಿದ ಹಣವನ್ನೂ ಈಗಲೇ ಕೊಡಬೇಡಿ. ನೀವು ಎಣಿಸಿರುವುದು ನಮೂನೆ 10ರ ದಿನಾಂಕದಿಂದ. ನಾನು ಮೊದಲ ಉತ್ತರದಲ್ಲಿ ಬರೆದಂತೆ 15 ವರ್ಷಗಳನ್ನು ಎಣಿಸಬೇಕಾದದ್ದು ಭೂ ನ್ಯಾಯಮಂಡಳಿಯ ಅಂತಿಮ ಆದೇಶದ ದಿನದಿಂದ. ಆದೇಶವಾದ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ಹಣವನ್ನು ಕಟ್ಟಿ, ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಎರಡು-ಮೂರು ವರ್ಷ ಕಳೆಯುವುದು ಆಗ ಸಾಮಾನ್ಯವಾಗಿತ್ತು. ನಮೂನೆ 10ರಲ್ಲಿಯೇ ನ್ಯಾಯಮಂಡಳಿಯ ಪ್ರಕರಣದ ಸಂಖ್ಯೆ ಇರುತ್ತದೆ. ಅದನ್ನು ಬರೆದು, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. ಆದೇಶ 1981ರ ಫೆಬ್ರವರಿಗಿಂತ ಮೊದಲಿನದಾಗಿದ್ದರೆ ಈ ಅಂಶದಲ್ಲಿ ಅಪಾಯವಿಲ್ಲ. ಅನಂತರದ್ದಾಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ ಎಂದು ಹೇಳುತ್ತೇನೆ. ನಲವತ್ತು ಮನೆಗಳಿಗೆ ಸಾಲ ಸಿಕ್ಕಿದೆ ಎಂಬುದು ನಲವತ್ತು ಬ್ಯಾಂಕ್ ವರದಿಗಳಿಗೆ ಸಂಬಂಧಿಸಿದ ಮಾತು, ಆ ಆದೇಶದ ದಿನಾಂಕವನ್ನು ಅದು ಬದಲಿಸುವುದಿಲ್ಲ. ಇಂದು ಹಕ್ಕಿನ ವಿಮೆ ನಿಮ್ಮ ಮನೆ ಬಾಗಿಲಿಗೇ ಬಂದರೂ, ಈ ಸಂಶಯ ನಿಮಗೆ ತಿಳಿದಿರುವುದರಿಂದ ಅದು ಇದನ್ನು ಹೊರಗಿಟ್ಟೇ ಬರುತ್ತಿತ್ತು.

ಆದೇಶ ಸಿಕ್ಕಾಗ ಇನ್ನೊಂದನ್ನೂ ನೋಡಿ. ಹಿರಿಯ ಮಗನ ಹೆಸರಿಗೆ ಹಕ್ಕು ಬಂದಿದ್ದರೂ, ಗೇಣಿ ಇಡೀ ಅವಿಭಕ್ತ ಕುಟುಂಬದ್ದಾಗಿತ್ತೇ ಎಂಬುದು ಸಾಮಾನ್ಯವಾಗಿ ಅದರಲ್ಲಿ ಕಾಣುತ್ತದೆ. ಹಾಗಿದ್ದರೆ 1996ರ ಕ್ರಯಪತ್ರಕ್ಕೆ ಉಳಿದ ಅಣ್ಣತಮ್ಮಂದಿರೂ ಸಹಿ ಹಾಕಿರಬೇಕು. ತೀರ್ಥಹಳ್ಳಿಯ ತಾಯಿಯವರು ಹೆಣ್ಣುಮಕ್ಕಳ ವಿಚಾರ ಎತ್ತಿದ್ದು ಬಹಳ ಸರಿಯಾದದ್ದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಮಗನ ಸಮಾನ ಹಕ್ಕುದಾರಳಾದಳು, ತಂದೆ ಆಗ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಆಗಿಹೋದ ಮಾರಾಟಗಳನ್ನು ಆ ತಿದ್ದುಪಡಿ ಅಸಿಂಧುಗೊಳಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ತಿದ್ದುಪಡಿ ಇತ್ತು, ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಹಾಗಾಗಿ 1996ರ ಫೆಬ್ರವರಿಯಲ್ಲಿ ಆ ಮನೆಯಲ್ಲಿ 1994ರ ನಂತರ ಮದುವೆಯಾದ ಅಥವಾ ಮದುವೆಯಾಗದ ಮಗಳಿದ್ದರೇ, ಅವರು ಪತ್ರಕ್ಕೆ ಸಹಿ ಹಾಕಿದ್ದಾರೆಯೇ ಎಂಬುದಷ್ಟನ್ನು ವಂಶವೃಕ್ಷದಿಂದ ತಿಳಿದುಕೊಳ್ಳಿ.

ಜೊತೆಗೆ ಇನ್ನೂ ಎರಡು ಕೆಲಸ. ಈಗಿನ ಮತ್ತು ಹಿಂದಿನ ಮಾಲೀಕರ ಹೆಸರುಗಳನ್ನು ನ್ಯಾಯಾಲಯಗಳ ದಾವೆಗಳ ವಿವರ ಸಿಗುವ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ. ನಡೆಯುತ್ತಿರುವ ದಾವೆ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ, ಆದರೆ ದಾವೆ ನಡೆಯುತ್ತಿರುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗುತ್ತಾರೆ. ಜಿಲ್ಲೆಯಲ್ಲಿ ಹೆಚ್ಚು ಓದುವ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ, ತಕರಾರಿಗೆ 15 ದಿನಗಳ ಅವಕಾಶ ಕೊಡಿ. ಪ್ರಕಟಣೆಯಿಂದ ಯಾರ ಹಕ್ಕೂ ಅಳಿಯುವುದಿಲ್ಲ, ಆದರೆ ಹಕ್ಕಿರುವವರು ಹಣ ಕೈಬದಲಾಗುವ ಮೊದಲೇ ಬಂದು ಹೇಳಲು ಒಂದು ದಾರಿಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ, ಮತ್ತೆ ಹದಿನೆಂಟು ದಿನಗಳ ನಂತರ

ಆದೇಶ ಸಿಕ್ಕಿತು. ದಾಖಲೆ ಕೊಠಡಿಯಲ್ಲಿ ಕೆಂಪು ಬಟ್ಟೆಯ ಗಂಟನ್ನು ಬಿಚ್ಚಿ, ಗುಮಾಸ್ತರು ಒಂದೊಂದೇ ಕಡತವನ್ನು ಪಕ್ಕಕ್ಕಿಡುತ್ತಾ ಹೋದರು. ನಮ್ಮದು ತಳದಿಂದ ಮೂರನೆಯದು. ಕೈಬರಹದ ನಾಲ್ಕು ಪುಟಗಳು, ಕೊನೆಯ ಪುಟದಲ್ಲಿ ಅಧ್ಯಕ್ಷರ ಮತ್ತು ಸದಸ್ಯರ ಸಹಿಗಳ ಕೆಳಗೆ 1980ರ ಆಗಸ್ಟ್ 19 ಎಂಬ ದಿನಾಂಕ. ನಮ್ಮ ಯಜಮಾನರು ಅಲ್ಲಿಯೇ ಬೆರಳು ಮಡಿಸಿ ಎಣಿಸಿದರು. 15 ವರ್ಷ ತುಂಬಿದ್ದು 1995ರ ಆಗಸ್ಟಿಗೆ, ಭೂಪರಿವರ್ತನೆ ಆಗಿರುವುದು ನವೆಂಬರಿನಲ್ಲಿ, ಮಾರಾಟ ಆಗಿರುವುದು ಮರುವರ್ಷದ ಫೆಬ್ರವರಿಯಲ್ಲಿ.

ಆದೇಶದಲ್ಲಿ ಹಿರಿಯ ಮಗ ಕುಟುಂಬದ ಪರವಾಗಿ ಅರ್ಜಿ ಹಾಕಿದ್ದಾರೆಂದು ಬರೆದಿದೆ. 1996ರ ಕ್ರಯಪತ್ರದ ದೃಢೀಕೃತ ಪ್ರತಿಯಲ್ಲಿ ಮೂವರು ಅಣ್ಣತಮ್ಮಂದಿರ ಸಹಿಗಳೂ ತಾಯಿಯ ಹೆಬ್ಬೆಟ್ಟಿನ ಗುರುತೂ ಇವೆ. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹಿರಿಯವರ ಮದುವೆ 1986ರಲ್ಲಿ ಆಗಿದೆ. ಕಿರಿಯವರು 1996ರಲ್ಲಿ ಇನ್ನೂ ಅವಿವಾಹಿತರಾಗಿದ್ದರು, ಅವರ ಸಹಿ ಕ್ರಯಪತ್ರದ ಕೊನೆಯ ಪುಟದಲ್ಲಿ ಒಪ್ಪಿಗೆದಾರರ ಜಾಗದಲ್ಲಿದೆ. ಆ ಸಹಿಯನ್ನು ನೋಡಿದಾಗ ನನಗೆ ತೀರ್ಥಹಳ್ಳಿಯ ಅಕ್ಕ ಬರೆದ ಮಾತು ನೆನಪಾಯಿತು. ಅವರೀಗ ಭದ್ರಾವತಿಯಲ್ಲಿದ್ದಾರೆಂದು ತಿಳಿದು ಕಳೆದ ಭಾನುವಾರ ಹೋಗಿ ಮಾತನಾಡಿಸಿ ಬಂದೆವು. ತಮ್ಮ ಪಾಲಿನ ಹಣ ಆಗಲೇ ಬಂದಿತ್ತು, ಅದರಲ್ಲಿಯೇ ಹೊಲಿಗೆ ಯಂತ್ರ ಕೊಂಡೆ ಎಂದು ಹೇಳಿದರು.

ಇ-ಕೋರ್ಟ್ಸ್‌ನಲ್ಲಿ ಯಾವ ದಾವೆಯೂ ಸಿಗಲಿಲ್ಲ. ಪತ್ರಿಕಾ ಪ್ರಕಟಣೆಯ ಅವಧಿ ಮುಗಿಯಲು ಇನ್ನು ಆರು ದಿನಗಳಿವೆ. ಅಲ್ಲಿಯವರೆಗೆ ತಕರಾರು ಬಾರದಿದ್ದರೆ ಮುಂದಿನ ಬುಧವಾರ ನೋಂದಣಿ. ಬ್ಯಾಂಕಿಗೆ ಕೊಡುವ ಮೂಲಪತ್ರಗಳ ಜೊತೆ ನ್ಯಾಯಮಂಡಳಿಯ ಆದೇಶದ ಒಂದು ಪ್ರತಿಯನ್ನೂ ಸೇರಿಸುತ್ತಿದ್ದೇವೆ, ಇನ್ನೊಂದು ಪ್ರತಿ ನಮ್ಮ ಬಳಿ ಇರುತ್ತದೆ. ಅದೇ ಬಡಾವಣೆಯ ನಿವಾಸಿಗಳು ಯಾರಾದರೂ ಇದನ್ನು ಓದುತ್ತಿದ್ದು ಆದೇಶದ ನಕಲು ಬೇಕೆನಿಸಿದರೆ ದಯವಿಟ್ಟು ತಿಳಿಸಿ, ತೆಗೆಸಿ ಕೊಡುತ್ತೇನೆ.